ಅರಿಶಿನ, ಶುಂಠಿಯಲ್ಲಿ ಕಳೆ ಹತೋಟಿ: ಒಂದೇ ಸಲ ಔಷಧಿ, ಆಮೇಲೆಲ್ಲ ಹೊದಿಕೆ

ಅರಿಶಿನ ಬೆಳೆಯುವವರಿಗೆ ಕಳೆಯ ಕಷ್ಟ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಗೆಡ್ಡೆ ನೆಟ್ಟ ಮೇಲೆ ಮೊಳಕೆ ಮೇಲೆ ಕಾಣಲು ಮೂರು ನಾಲ್ಕು ವಾರ ಬೇಕು. ಆಮೇಲೂ ಅದು ನಿಧಾನದ ಬೆಳೆ. ಎಲೆ ಹರಡಿ ನೆಲ ಮುಚ್ಚುವ ಹೊತ್ತಿಗೆ ಮೂರು ತಿಂಗಳು ದಾಟಿರುತ್ತದೆ. ಅಷ್ಟೂ ದಿನ ಮಣ್ಣು ಬರಿದಾಗಿರುತ್ತದೆ. ಗೊಬ್ಬರ ಹಾಕಿರುತ್ತೇವೆ, ಮೇಲಿಂದ ಮಳೆ ಬೀಳುತ್ತಿರುತ್ತದೆ. ಕಳೆಗೆ ಇನ್ನೇನು ಬೇಕು?

ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಮೊದಲು ಇದಕ್ಕೆ ಮೂರು ನಾಲ್ಕು ಸಲ ಆಳು ಇಟ್ಟು ಕಳೆ ಕೀಳಿಸುತ್ತಿದ್ದರು. ಈಗ ಬೇಕಾದ ದಿನ ಆಳು ಸಿಗುವುದಿಲ್ಲ. ಅದಕ್ಕೇ ಜನ ಪಂಪು ಹೊರುತ್ತಾರೆ. ಒಂದು ಸಲ ಹೊಡೆದದ್ದು ಸಾಲಲಿಲ್ಲ ಅಂತ ಎರಡು, ಆಮೇಲೆ ಮೂರು. ಬೆಳಗಾವಿಯ ರಾಯಬಾಗ, ಅಥಣಿ ಕಡೆಯ ಅರಿಶಿನದವರಿಗೂ, ಹಾಸನ, ಎಚ್.ಡಿ. ಕೋಟೆ, ಕೊಡಗಿನ ಶುಂಠಿಯವರಿಗೂ ಇದೇ ತಾಪತ್ರಯ.

ಇದಕ್ಕೆ ಒಂದು ಮಧ್ಯದ ದಾರಿ ಇದೆ. ನೆಟ್ಟ ಕೂಡಲೇ ಒಂದೇ ಒಂದು ಸಲ, ಬೇಕಾದ ಜಾಗಕ್ಕೆ ಮಾತ್ರ ಕಳೆ ಔಷಧಿ. ವಾರದ ಮೇಲೆ ಹುಲ್ಲು, ತರಗು, ಸೊಪ್ಪಿನ ಹೊದಿಕೆ. ಎರಡು ತಿಂಗಳ ಮೇಲೆ ಕೈಯಲ್ಲಿ ಒಂದು ಸಲ ಕಳೆ. ಅಷ್ಟೇ. ಔಷಧಿ ಮೊದಲ ತಿಂಗಳನ್ನು ನೋಡಿಕೊಳ್ಳುತ್ತದೆ. ಅದರ ಪಾಳಿ ಮುಗಿಯುವಾಗ ಹೊದಿಕೆಯ ಪಾಳಿ ಶುರುವಾಗಿರುತ್ತದೆ. ಹೊದಿಕೆ ಕೊಳೆತು ತೆಳುವಾಗುವಾಗ ಅರಿಶಿನದ ಎಲೆಯೇ ನೆರಳು ಕೊಡುತ್ತದೆ. ಈ ಮೂರೂ ಪಾಳಿ ಒಂದಕ್ಕೊಂದು ತಾಗಿಕೊಂಡೇ ಇರಬೇಕು. ಮಧ್ಯೆ ಸಂದು ಬಿಟ್ಟರೆ ಕಳೆ ಅಲ್ಲೇ ಎದ್ದು ನಿಲ್ಲುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಔಷಧಿ ಕಡಿಮೆ ಮಾಡುವುದು ಅಂದರೆ ಅದನ್ನು ನೀರಲ್ಲಿ ತೆಳು ಮಾಡಿ ಹೊಡೆಯುವುದಲ್ಲ. ಅರ್ಧ ಪ್ರಮಾಣ ಹೊಡೆದರೆ ಕಳೆ ಅರ್ಧ ಸಾಯುತ್ತದೆ. ಉಳಿದ ಅರ್ಧ ಬೀಜ ಉದುರಿಸಿ, ವರ್ಷ ಕಳೆದಂತೆ ಆ ಔಷಧಿಗೆ ಜಗ್ಗದ ಸಂತತಿ ಬೆಳೆಸುತ್ತದೆ. ಕಡಿಮೆ ಮಾಡಬೇಕಾದ್ದು ಹೊಡೆಯುವ ಜಾಗ ಮತ್ತು ಎಷ್ಟು ಸಲ ಹೊಡೆಯುತ್ತೇವೆ ಅನ್ನುವುದು. ಪ್ರಮಾಣ ಮಾತ್ರ ಸರಿಯಾಗೇ ಇರಬೇಕು.

1. ನಿಮ್ಮ ಹೊಲದಲ್ಲಿ ಯಾವ ಕಳೆ ಇದೆ, ನೋಡಿ

ಕಳೆ ಅಂದರೆ ಎಲ್ಲ ಒಂದೇ ಅಲ್ಲ. ಹೊದಿಕೆಗೆ ಬಗ್ಗುವ ಕಳೆ ಬೇರೆ, ಬಗ್ಗದ ಕಳೆ ಬೇರೆ. ಹೋದ ವರ್ಷ ಏನು ಜಾಸ್ತಿ ಬಂದಿತ್ತು ಅಂತ ನೆನಪು ಮಾಡಿಕೊಂಡು ಹೊಲ ಒಂದು ಸುತ್ತು ಬನ್ನಿ.

ಅಣ್ಣೆ ಸೊಪ್ಪು, ಮುಳ್ಳುಹರಿವೆ, ಗೋಣಿ ಸೊಪ್ಪು, ಕಾಂಗ್ರೆಸ್ ಗಿಡ, ಸಣ್ಣ ಜಾತಿಯ ಹುಲ್ಲುಗಳು ಇವೆಲ್ಲ ಬೀಜದಿಂದ ಬರುವಂಥವು. ಬೀಜ ಸಣ್ಣದು, ಒಳಗೆ ಬುತ್ತಿ ಕಡಿಮೆ. ನಾಲ್ಕು ಬೆರಳು ಹುಲ್ಲಿನ ಕೆಳಗೆ ಮೊಳೆತರೆ ಬೆಳಕು ಕಾಣುವ ಮೊದಲೇ ಸೊರಗಿ ಸಾಯುತ್ತವೆ. ನೆಟ್ಟ ಕೂಡಲೇ ಹೊಡೆಯುವ ಔಷಧಿಯೂ ಇಂಥವುಗಳ ಮೇಲೆಯೇ ಚೆನ್ನಾಗಿ ಕೆಲಸ ಮಾಡುವುದು.

ಕೊನ್ನಾರಿ, ಗರಿಕೆ ಹಾಗಲ್ಲ. ಕೊನ್ನಾರಿಯನ್ನು ಒಮ್ಮೆ ಕೀಳದೆ ಅಗೆದು ನೋಡಿ. ಮೇಲೆ ಕಾಣುವುದು ಮೂರು ಎಲೆ. ಅದರ ಕೆಳಗೆ ಕಪ್ಪು ಗೆಡ್ಡೆ, ಗೆಡ್ಡೆಯಿಂದ ದಾರದಂಥ ಒಂದು ಬೇರು, ಗೇಣು ದೂರದಲ್ಲಿ ಇನ್ನೊಂದು ಗೆಡ್ಡೆ, ಅಲ್ಲಿಂದ ಮತ್ತೊಂದು. ಜಪಮಣಿ ಪೋಣಿಸಿದ ಹಾಗೆ. ಉಗುರಲ್ಲಿ ಚಿವುಟಿದರೆ ಘಮ್ ಅನ್ನುತ್ತದೆ. ಭದ್ರಮುಷ್ಟಿ ಅಂತ ಸ್ನಾನದ ಪುಡಿಗೆ ಹಾಕುವುದು ಇದನ್ನೇ. ಈ ಗೆಡ್ಡೆಯಲ್ಲಿ ಬುತ್ತಿ ಧಾರಾಳ. ಅದರ ಮೊನಚು ಮೊಳಕೆ ಹುಲ್ಲಿನ ಹೊದಿಕೆ ಇರಲಿ, ಪ್ಲಾಸ್ಟಿಕ್ ಹಾಳೆಯನ್ನೇ ಚುಚ್ಚಿಕೊಂಡು ಬರುತ್ತದೆ. ನೆಟ್ಟ ಕೂಡಲೇ ಹೊಡೆಯುವ ಪೆಂಡಿಮೆಥಾಲಿನ್‌ನಂಥ ಕಳೆ ಔಷಧಿಗೂ ಅದು ಸೊಪ್ಪು ಹಾಕುವುದಿಲ್ಲ.

ಕೊನ್ನಾರಿ ಇರುವ ಹೊಲಕ್ಕೆ ಮದ್ದು ಬೇಸಿಗೆಯೇ. ಹಿಂದಿನ ಬೆಳೆ ಎತ್ತಿದ ಮೇಲೆ ಆಳವಾಗಿ ಉತ್ತು, ಹೆಂಟೆ ಮಗುಚಿ, ಮಾರ್ಚ್ ಏಪ್ರಿಲ್ ಬಿಸಿಲಿಗೆ ಒಡ್ಡಿ. ಹದಿನೈದು ದಿನ ಬಿಟ್ಟು ಇನ್ನೊಂದು ಸಾಲು ಉಳುಮೆ. ಮೇಲೆ ಬಂದ ಗೆಡ್ಡೆ ಒಣಗಿ ಸಾಯುತ್ತದೆ. ಕುಂಟೆಗೆ ಸಿಕ್ಕಿ ಬಂದ ಗರಿಕೆಯನ್ನು ಆರಿಸಿ ಹೊಲದಿಂದ ಹೊರಗೆ ಹಾಕಿ. ಒಂದೇ ವರ್ಷಕ್ಕೆ ಮುಗಿಯುವ ಕೆಲಸ ಅಲ್ಲ ಇದು. ಆದರೆ ಕೊನ್ನಾರಿ ತುಂಬಿದ ಜಾಗವನ್ನು ಹಾಗೇ ಬಿಟ್ಟು ಅದರ ಮೇಲೆ ಹುಲ್ಲು ಹಾಸಿದರೆ ಹುಲ್ಲಿನ ದುಡ್ಡೂ ಹೋಗುತ್ತದೆ.

2. ಕಳೆಯನ್ನು ಬರಮಾಡಿಕೊಂಡು ಕೊಲ್ಲಿ

ಇದಕ್ಕೆ ಖರ್ಚೇ ಇಲ್ಲ. ಆದರೂ ಮಾಡುವವರು ಕಮ್ಮಿ, ಯಾಕೆಂದರೆ ಹದಿನೈದು ದಿನ ತಾಳ್ಮೆ ಬೇಕು.

ನೆಡುವುದಕ್ಕೆ ಮೂರು ವಾರ ಮೊದಲೇ ಮಡಿ ಅಥವಾ ದಿಂಡು ಸಿದ್ಧ ಮಾಡಿ. ಮುಂಗಾರಿಗೆ ಮೊದಲು ಬರುವ ಮಳೆ ಸಿಕ್ಕರೆ ಸರಿ, ಇಲ್ಲದಿದ್ದರೆ ಒಂದು ತೆಳು ನೀರು ಕೊಡಿ. ಹತ್ತು ಹನ್ನೆರಡು ದಿನಕ್ಕೆ ನೆಲ ಹಸಿರಾಗುತ್ತದೆ. ಕಳೆ ಎರಡು ಎಲೆ ಬಿಟ್ಟಿರುವಾಗಲೇ ಬಿಸಿಲು ನೋಡಿಕೊಂಡು ಮೇಲೆ ಮೇಲೆ ಕುಂಟೆ ಹೊಡೆಯಿರಿ. ಒಂದು ಅಂಗುಲಕ್ಕಿಂತ ಆಳ ಹೋಗಬೇಡಿ. ಆಳ ಹೋದರೆ ಕೆಳಗೆ ಮಲಗಿದ್ದ ಹೊಸ ಬೀಜವನ್ನು ನಾವೇ ಎಬ್ಬಿಸಿ ಮೇಲೆ ತಂದ ಹಾಗೆ. ಸಮಯ ಇದ್ದರೆ ಇದನ್ನೇ ಇನ್ನೊಂದು ಸಲ ಮಾಡಿ.

ಕೊಟ್ಟಿಗೆ ಗೊಬ್ಬರದ ಬಗ್ಗೆಯೂ ಎಚ್ಚರ ಇರಲಿ. ಪೂರ್ತಿ ಕಳಿತ ಗೊಬ್ಬರ ಪುಡಿಪುಡಿಯಾಗಿರುತ್ತದೆ, ಅದರಲ್ಲಿ ಕಳೆ ಬೀಜ ಕಡಿಮೆ. ಅರೆಬರೆ ಕಳಿತದ್ದನ್ನು ಹಾಕಿದರೆ ದನ ತಿಂದ ಹುಲ್ಲಿನ ಬೀಜ ಎಲ್ಲ ನಿಮ್ಮ ಮಡಿಯಲ್ಲಿ.

3. ನೆಡುವ ಮೊದಲೇ ಹೊದಿಕೆ ಕೂಡಿಸಿಟ್ಟುಕೊಳ್ಳಿ

ಹೊದಿಕೆಯ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ನೆಟ್ಟ ಮೇಲೆ ಹುಲ್ಲು ಹುಡುಕಲು ಹೊರಟರೆ ಸಿಗುವಷ್ಟರಲ್ಲಿ ಕಳೆ ಮೊಣಕಾಲಿಗೆ ಬಂದಿರುತ್ತದೆ.

ಎಷ್ಟು ಬೇಕು? ಕೋಯಿಕ್ಕೋಡಿನಲ್ಲಿರುವ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು ಅರಿಶಿನಕ್ಕೆ ಹೆಕ್ಟೇರಿಗೆ 12ರಿಂದ 15 ಟನ್ ಹಸಿರು ಸೊಪ್ಪು. ಶುಂಠಿಗೆ 10ರಿಂದ 12 ಟನ್. ಇದು ನೆಡುವ ಹೊತ್ತಿಗೆ ಹಾಕುವುದು. ಆಮೇಲೆ 40 ಮತ್ತು 90 ದಿನಕ್ಕೆ ಮತ್ತೆ 7.5 ಟನ್. ಸೊಪ್ಪಿನ ಬದಲು ಒಣ ಹುಲ್ಲಾದರೆ ಹೆಕ್ಟೇರಿಗೆ 10 ಟನ್ ಲೆಕ್ಕ ಇಟ್ಟುಕೊಳ್ಳಿ.

ಟನ್ ಲೆಕ್ಕ ಹೊಲದಲ್ಲಿ ತಲೆಗೆ ಹತ್ತುವುದಿಲ್ಲ. ಅದನ್ನು ಗುಂಟೆಗೆ ಇಳಿಸಿಕೊಳ್ಳೋಣ. ಹೆಕ್ಟೇರಿಗೆ 10 ಟನ್ ಅಂದರೆ ಗುಂಟೆಗೆ 100 ಕೆಜಿ. ಇನ್ನೂ ಸುಲಭ ಬೇಕಾ? ಒಂದು ಮೀಟರ್ ಅಗಲದ ಏರುಮಡಿ ಇದ್ದರೆ, ಮಡಿಯ ಉದ್ದದ ಪ್ರತಿ ಮೀಟರಿಗೆ ಒಂದು ಕೆಜಿ ಹುಲ್ಲು. ಒಂದು ಹೊರೆ ತೂಗಿ ನೋಡಿ, ಅದು ಎಷ್ಟು ಮೀಟರ್ ಬರುತ್ತದೆ ಅಂತ ಗುರುತು ಹಾಕಿಕೊಂಡರೆ ಆಮೇಲೆ ತಕ್ಕಡಿ ಬೇಡ, ಕೈಗೇ ಅಂದಾಜು ಸಿಗುತ್ತದೆ.

ಯಾವುದನ್ನು ಹಾಕಬಹುದು? ಹತ್ತಿರದಲ್ಲಿ ಸಿಗುವುದೇ ಒಳ್ಳೆಯದು. ನಮ್ಮ ಕಡೆ ಕಬ್ಬಿನ ತರಗು ಸಿಗುತ್ತದೆ, ಉತ್ತರ ಕರ್ನಾಟಕದವರು ರವದಿ ಅನ್ನುತ್ತಾರೆ. ಅದು ಬೇಗ ಕೊಳೆಯುವುದಿಲ್ಲ. ಕಳೆ ತಡೆಯಲು ನನಗೆ ಅದೇ ಇಷ್ಟ. ಆದರೆ ಉದ್ದ ಎಲೆ ಹಾಗೇ ಹಾಕಿದರೆ ಅರಿಶಿನದ ಮೊಳಕೆ ಕೆಳಗೆ ಸಿಕ್ಕಿ ತಿರುಚಿಕೊಳ್ಳುತ್ತದೆ, ಮೊಳ ಉದ್ದಕ್ಕೆ ಕಡಿದು ಹಾಕಬೇಕು. ಭತ್ತದ ಹುಲ್ಲು ಹಾಸಲು ಸಲೀಸು, ಮಳೆಗಾಲದಲ್ಲಿ ಬೇಗ ಕರಗುತ್ತದೆ. ಅದರಲ್ಲಿ ಕಾಳು ಉಳಿದಿದ್ದರೆ ಅರಿಶಿನದ ಮಡಿಯಲ್ಲಿ ಭತ್ತದ ಪೈರು ನೋಡಬೇಕಾಗುತ್ತದೆ. ಚೆನ್ನಾಗಿ ಒದರಿ ತನ್ನಿ. ಗ್ಲಿರಿಸಿಡಿಯಾ, ಹೊಂಗೆ ಸೊಪ್ಪು ಮಣ್ಣಿಗೆ ಸಾರ ಕೊಡುತ್ತವೆ, ಆದರೆ ತಿಂಗಳಲ್ಲಿ ಎಲೆ ಕರಗಿ ಕಡ್ಡಿ ಉಳಿಯುತ್ತದೆ. ಅದಕ್ಕೆ ನಾನು ಕೆಳಗೆ ಸೊಪ್ಪು, ಮೇಲೆ ತರಗು ಹಾಕುವುದು. ಬದುವಿನ ಉದ್ದಕ್ಕೂ ಗ್ಲಿರಿಸಿಡಿಯಾ ಗೂಟ ಊರಿದರೆ ಮುಂದಿನ ವರ್ಷಗಳಿಗೆ ಸೊಪ್ಪಿನ ಚಿಂತೆ ಇಳಿಯುತ್ತದೆ.

ಕಾಂಗ್ರೆಸ್ ಗಿಡವನ್ನೂ ಹೊದಿಕೆಗೆ ಹಾಕುವವರಿದ್ದಾರೆ. ಹೂ ಬರುವ ಮೊದಲು ಕೊಯ್ದದ್ದಾದರೆ ಮಾತ್ರ ಸರಿ. ಹೂ ಕಂಡಿತೋ, ಬೇಡವೇ ಬೇಡ. ಹಾಗೆಯೇ ಬೇರೆಯವರ ಹೊಲದ ಹುಲ್ಲು ತರುವಾಗ ಅದಕ್ಕೆ ಏನು ಹೊಡೆದಿದ್ದರು ಅಂತ ಕೇಳಿ ತನ್ನಿ.

4. ನೆಟ್ಟ ಒಂದರಿಂದ ಮೂರು ದಿನದೊಳಗೆ ಆ ಒಂದು ಸ್ಪ್ರೇ

ಮೊದಲು ನನ್ನ ತಪ್ಪು ಹೇಳುತ್ತೇನೆ. ಮೊದಲ ಸಲ ನಾನು ಇದನ್ನು ಉಲ್ಟಾ ಮಾಡಿದ್ದೆ. ನೆಟ್ಟೆ, ಹುಲ್ಲು ಹಾಸಿದೆ, ಆಮೇಲೆ ಹುಲ್ಲಿನ ಮೇಲೆ ಔಷಧಿ ಹೊಡೆದೆ. ಮಾರನೆಯ ದಿನ ಹುಲ್ಲು ಎಲ್ಲ ಹಳದಿ. ತಿಂಗಳ ಮೇಲೆ ಕಳೆ ಕೀಳಲು ಬಂದ ಅಜ್ಜಿಯೊಬ್ಬರು ಹುಲ್ಲು ಸರಿಸಿ ನೋಡಿ, "ಹುಲ್ಲಿಗೆ ಔಸ್ದಿ ಕುಡಿಸಿದ್ದೀಯಲ್ಲ ಕಣಪ್ಪಾ, ನೆಲಕ್ಕೆ ಏನು ಬಿತ್ತು?" ಅಂದರು. ಅವರು ಹೇಳಿದ್ದೇ ಸರಿ. ಪೆಂಡಿಮೆಥಾಲಿನ್ ಒಣ ಹುಲ್ಲಿಗೆ, ಸೊಪ್ಪಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಔಷಧಿ. ಮಣ್ಣಿಗೆ ಇಳಿಯುವುದೇ ಇಲ್ಲ. ಬರಿ ಮಣ್ಣಿಗೆ ಬಿದ್ದು, ಮೇಲಿನ ಪದರದಲ್ಲಿ ತೆಳು ಪೊರೆಯಂತೆ ನಿಂತರೆ ಮಾತ್ರ ಮೊಳೆಯುವ ಬೀಜವನ್ನು ಅದು ಹಿಡಿಯುತ್ತದೆ. ಅದಕ್ಕೇ ಮೊದಲು ಔಷಧಿ, ಆಮೇಲೆ ಹೊದಿಕೆ.

ಅರಿಶಿನದಲ್ಲಿ ಹೊದಿಕೆಯ ಜೊತೆಗೆ ನಡೆದಿರುವ ಪ್ರಯೋಗಗಳಲ್ಲಿ ಮೂರು ಹೆಸರು ಬರುತ್ತವೆ. ಪೆಂಡಿಮೆಥಾಲಿನ್ ಹೆಕ್ಟೇರಿಗೆ 1 ಕೆಜಿ, ಮೆಟ್ರಿಬುಜಿನ್ 0.7 ಕೆಜಿ, ಅಟ್ರಾಜಿನ್ 0.75 ಕೆಜಿ. ಈ ತೂಕ ಮೂಲ ಔಷಧಿಯದ್ದು, ಡಬ್ಬದಲ್ಲಿ ಬರುವ ಮಾಲಿನದ್ದಲ್ಲ. ಪ್ರಯೋಗದಲ್ಲಿ ಬಂದಿದೆ ಅಂದ ಮಾತ್ರಕ್ಕೆ ಆ ಬೆಳೆಗೆ ಸರ್ಕಾರದ ಅನುಮತಿ ಇದೆ ಅಂತ ಅಲ್ಲ. ಡಬ್ಬದ ಜೊತೆ ಕೊಡುವ ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರು ಇದೆಯೇ ನೋಡಿ. ತೋಟಗಾರಿಕೆ ಇಲಾಖೆಯಲ್ಲೋ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ. ನಮ್ಮ ಜಿಲ್ಲೆಯವರಿಗೆ ಅದು ಹರದನಹಳ್ಳಿಯಲ್ಲಿದೆ. ಅಂಗಡಿಯವರ ಮಾತೊಂದನ್ನೇ ನಂಬಿ ತರಬೇಡಿ.

ನಡುಬೆಳೆ ಹಾಕುವವರು ಇನ್ನೂ ಜಾಗ್ರತೆಯಾಗಿರಬೇಕು. ನಮ್ಮ ಕಡೆ ಅರಿಶಿನದ ಜೊತೆ ಸಣ್ಣ ಈರುಳ್ಳಿ, ಮೆಣಸಿನಕಾಯಿ, ಅವರೆ ಎಲ್ಲ ಹಾಕುತ್ತೇವೆ ಅಲ್ವಾ. ಅಟ್ರಾಜಿನ್ ಬಿದ್ದ ಮಣ್ಣಿನಲ್ಲಿ ಈರುಳ್ಳಿಯೂ ಬರುವುದಿಲ್ಲ, ಅವರೆಯೂ ಬರುವುದಿಲ್ಲ. ಮುಂದಿನ ಬೆಳೆಗೂ ಅದರ ಪೆಟ್ಟು ತಗಲಬಹುದು. ನಡುಬೆಳೆ ಇದ್ದರೆ ಯಾವ ಔಷಧಿ ಎರಡಕ್ಕೂ ಆಗುತ್ತದೆ ಅಂತ ಕೇಳಿಕೊಂಡೇ ಮುಂದಿನ ಹೆಜ್ಜೆ.

ಈಗ ಅಳತೆ. ಉದಾಹರಣೆಗೆ 30 ಇ.ಸಿ., ಅಂದರೆ ನೂರಕ್ಕೆ 30 ಭಾಗ ಮೂಲ ಔಷಧಿ ಇರುವ ಪೆಂಡಿಮೆಥಾಲಿನ್ ತೆಗೆದುಕೊಳ್ಳೋಣ. ಎಕರೆಗೆ ಸುಮಾರು 1.3 ಲೀಟರ್, ಅಂದರೆ ಗುಂಟೆಗೆ 33 ಮಿ.ಲೀ. ಬೇರೆ ಶಕ್ತಿಯ ಡಬ್ಬವಾದರೆ ಲೆಕ್ಕ ಬೇರೆ. ಅದರ ಚೀಟಿಯೇ ಪ್ರಮಾಣ.

ಆದರೆ ನೀವು ಒಂದು ಗುಂಟೆಗೆ ಎಷ್ಟು ನೀರು ಹೊಡೆಯುತ್ತೀರಿ ಅಂತ ಗೊತ್ತಿಲ್ಲದೆ ಈ ಲೆಕ್ಕ ಪ್ರಯೋಜನಕ್ಕೆ ಬರುವುದಿಲ್ಲ. ಒಬ್ಬೊಬ್ಬರ ನಡಿಗೆ ಒಂದೊಂದು ಥರ. ಹೀಗೆ ಮಾಡಿ:

- ಪಂಪಿಗೆ ಚಪ್ಪಟೆ ಬೀಸಣಿಗೆಯಂತೆ ಬೀಳುವ ಫ್ಲಾಟ್ ಫ್ಯಾನ್ ನಾಝಲ್ ಹಾಕಿ. ಸುತ್ತ ಕೊಡೆಯಂತೆ ಬೀಳುವ ನಾಝಲ್ ಕೀಟದ ಔಷಧಿಗೆ ಸರಿ, ಇದಕ್ಕಲ್ಲ.
- 33 ಅಡಿ ಉದ್ದ, 33 ಅಡಿ ಅಗಲ ಅಳೆದು ಗೂಟ ಹೊಡೆಯಿರಿ. ಅದೇ ಒಂದು ಗುಂಟೆ. ಒಂದು ಮೀಟರ್ ಅಗಲದ ಮಡಿಯಾದರೆ ಮಡಿಯ ಉದ್ದಕ್ಕೆ 100 ಮೀಟರ್ ನಡೆದರೆ ಒಂದು ಗುಂಟೆ ಆಯಿತು.
- ಪಂಪಿಗೆ ಬರಿ ನೀರು ಅಳೆದು ಹಾಕಿ, ನಿಮ್ಮ ಮಾಮೂಲಿ ನಡಿಗೆಯಲ್ಲಿ ಅಷ್ಟು ಜಾಗಕ್ಕೆ ಹೊಡೆಯಿರಿ. ಉಳಿದ ನೀರು ಅಳೆಯಿರಿ.
- 5 ಲೀಟರ್ ಖರ್ಚಾಗಿದ್ದರೆ ಆ 5 ಲೀಟರಿಗೆ 33 ಮಿ.ಲೀ. ಸೇರಬೇಕು. 16 ಲೀಟರ್ ಪಂಪಿಗೆ ಸುಮಾರು 105 ಮಿ.ಲೀ. ಬರೀ 4 ಲೀಟರ್ ಖರ್ಚಾಗಿದ್ದರೆ ಅದೇ ಪಂಪಿಗೆ 132 ಮಿ.ಲೀ.

ಇದನ್ನು ಒಂದು ಬೆಳಗ್ಗೆ ಮಾಡಿದರೆ ಸಾಕು, ಆ ಪಂಪು, ಆ ಮನುಷ್ಯ ಇರುವ ತನಕ ಅದೇ ಲೆಕ್ಕ ನಡೆಯುತ್ತದೆ. "ಪಂಪಿಗೆ ಎರಡು ಮುಚ್ಚಳ" ಅನ್ನುವ ಅಳತೆಯಿಂದ ಆದ ನಷ್ಟ ಎಷ್ಟೋ.

ಜಾಗ ಉಳಿಸುವುದು ಈಗ. ಒಂದು ಮೀಟರ್ ಮಡಿ, ಅರ್ಧ ಮೀಟರ್ ಕಾಲುವೆ ಇದ್ದರೆ, ಮಡಿಯ ಮೇಲೆ ಮಾತ್ರ ಹೊಡೆಯಿರಿ. ಕಾಲುವೆಯ ಕಳೆಯನ್ನು ಮಣ್ಣು ಏರಿಸುವಾಗ ಗುದ್ದಲಿಯೇ ತೆಗೆಯುತ್ತದೆ. ಮೂರನೇ ಒಂದು ಭಾಗ ಔಷಧಿ ಅಲ್ಲೇ ಉಳಿಯಿತು. ಎಕರೆಗೆ 1.3 ಲೀಟರ್ ಬದಲು ಸುಮಾರು 880 ಮಿ.ಲೀ. ಆಮೇಲಿನ ಎರಡು ಮೂರು ಸ್ಪ್ರೇ ಇಲ್ಲವೇ ಇಲ್ಲ ಅನ್ನುವುದನ್ನು ಇದಕ್ಕೆ ಸೇರಿಸಿಕೊಳ್ಳಿ.

ಹೊಡೆಯುವಾಗ ಮಣ್ಣು ಹಸಿ ಇರಬೇಕು, ಹೆಂಟೆ ಇರಬಾರದು. ಗೆಡ್ಡೆ ನಾಲ್ಕೈದು ಸೆಂಟಿಮೀಟರ್ ಆಳದಲ್ಲಿ ಪೂರ್ತಿ ಮುಚ್ಚಿರಬೇಕು. ಮೇಲೆ ಕಾಣುವ ಗೆಡ್ಡೆಗೆ ಔಷಧಿ ಬೀಳಬಾರದು. ಹಿಂದೆ ಹಿಂದೆ ನಡೆಯುತ್ತಾ ಹೊಡೆದರೆ ಔಷಧಿ ಬಿದ್ದ ಜಾಗ ತುಳಿಯುವುದಿಲ್ಲ. ಗಾಳಿ ಇಲ್ಲದ ಬೆಳಗ್ಗೆ ಅಥವಾ ಸಂಜೆ ಒಳ್ಳೆಯದು. ಜೋರು ಮಳೆ ಮೋಡ ಕಂಡರೆ ಆ ದಿನ ಬಿಡಿ.

ತುಂಬು ತೋಳಿನ ಅಂಗಿ, ಕೈಗವಸು, ಮುಖಕ್ಕೆ ಮಾಸ್ಕ್, ಕಾಲಿಗೆ ಬೂಟು ಹಾಕಿಕೊಳ್ಳಿ. ಮಧ್ಯೆ ಬೀಡಿ, ಎಲೆಅಡಿಕೆ ಬೇಡ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ನೆನೆಸಬೇಡಿ. ಖಾಲಿ ಡಬ್ಬ ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಹಾಕಿ, ಡಬ್ಬಕ್ಕೆ ತೂತು ಹೊಡೆಯಿರಿ. ಕಳೆ ಔಷಧಿಗೆ ಬೇರೆಯದೇ ಪಂಪು ಇಟ್ಟರೆ ಉತ್ತಮ. ಅದೇ ಪಂಪಲ್ಲಿ ನಾಳೆ ಟೊಮೆಟೊಗೆ ಹೊಡೆದು ಗಿಡ ಸುಟ್ಟವರನ್ನು ಕಂಡಿದ್ದೇನೆ.

ಗ್ಲೈಫೋಸೇಟ್ ಅನ್ನುವ ಕಳೆ ಔಷಧಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಗೆ ಕಡಿವಾಣ ಹಾಕಿ, ಪರವಾನಗಿ ಇರುವ ಕೀಟ ನಿಯಂತ್ರಣದವರು ಮಾತ್ರ ಹೊಡೆಯಬೇಕು ಅಂದಿತು. ಅರಿಶಿನ, ಶುಂಠಿಯ ಸಾಲಿನ ಮಧ್ಯೆ ಹೊಡೆಯುವ ಔಷಧಿಯೇ ಅಲ್ಲ ಅದು. ಒಂದು ಹನಿ ಎಲೆಗೆ ಬಿದ್ದರೂ ಗೆಡ್ಡೆಯವರೆಗೆ ಇಳಿಯುತ್ತದೆ. ಪ್ಯಾರಾಕ್ವಾಟ್ ಅನ್ನುವ ಇನ್ನೊಂದು ಕಳೆ ಔಷಧಿಯಂತೂ ಮನೆ ಹತ್ತಿರವೂ ಬೇಡ. ಅದು ಹೊಟ್ಟೆಗೆ ಹೋದರೆ ಪ್ರತಿಮದ್ದು ಇಲ್ಲ.

ಔಷಧಿಯೇ ಬೇಡ ಅನ್ನುವವರು, ಅಥವಾ ಅನುಮತಿ ಇರುವ ಔಷಧಿ ಸಿಗದವರು, ಈ ಹೆಜ್ಜೆ ಬಿಟ್ಟು ನೆಟ್ಟ ದಿನವೇ ದಪ್ಪ ಹೊದಿಕೆ ಹಾಕಿ. 30 ದಿನಕ್ಕೆ ಕೈಕಳೆ ಒಂದು ಹೆಚ್ಚಿಗೆ ಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

5. ಏಳರಿಂದ ಹತ್ತನೇ ದಿನ ಹೊದಿಕೆ

ಔಷಧಿ ಮಣ್ಣಿನಲ್ಲಿ ಕೂರಲು ಒಂದು ವಾರ ಬಿಡಿ. ಮಧ್ಯೆ ಒಂದು ಸಣ್ಣ ಮಳೆಯೋ, ತುಂತುರು ನೀರೋ ಸಿಕ್ಕರೆ ಒಳ್ಳೆಯದು. ಹತ್ತು ದಿನ ದಾಟಿಸಬೇಡಿ. ಮೊಳಕೆ ಮೇಲೆ ಬಂದ ಮೇಲೆ ಹುಲ್ಲು ಹಾಸಲು ಹೋದರೆ ಕಾಲಲ್ಲಿ ಮುರಿಯುವುದೇ ಜಾಸ್ತಿ.

ಹನಿ ನೀರಾವರಿ ಪೈಪನ್ನು ಮೊದಲು ಎಳೆದು, ನೀರು ಬಿಟ್ಟು ಪರೀಕ್ಷೆ ಮಾಡಿ, ಆಮೇಲೆ ಅದರ ಮೇಲೆ ಹುಲ್ಲು ಹಾಸಿ. ದಪ್ಪ ನಾಲ್ಕು ಬೆರಳು. ಒಂದು ಸುಲಭ ಪರೀಕ್ಷೆ ಇದೆ. ಮೇಲಿಂದ ಬಗ್ಗಿ ನೋಡಿದರೆ ಮಣ್ಣು ಕಾಣಬಾರದು. ಆದರೆ ಬೆರಳು ಹಾಕಿದರೆ ಸುಲಭವಾಗಿ ಮಣ್ಣು ಮುಟ್ಟಬೇಕು. ತುಳಿದು ಒತ್ತಬೇಡಿ, ಉದುರುದುರಾಗಿಯೇ ಇರಲಿ. ಮಡಿಯ ಅಂಚನ್ನು ಮರೆಯಬೇಡಿ. ನಡುವೆ ದಪ್ಪ ಹಾಕಿ ಅಂಚು ಬಿಟ್ಟ ಮಡಿಯಲ್ಲಿ ಕಳೆ ಎರಡೂ ಕಡೆ ಗೋಡೆ ಕಟ್ಟಿದ ಹಾಗೆ ಏಳುತ್ತದೆ.

ಒಣ ಹುಲ್ಲು, ತರಗು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಸ್ವಲ್ಪ ದಿನ ಹಿಡಿದಿಟ್ಟುಕೊಳ್ಳುತ್ತದೆ. ಎಳೆ ಗಿಡ ತಿಳಿ ಹಳದಿಯಾಗಿ ಕಂಡರೆ ಅದೇ ಕಾರಣ ಇರಬಹುದು. ಹೊದಿಕೆ ಮೇಲೆ ಸಗಣಿ ಬಗ್ಗಡ ಚಿಮುಕಿಸಿದರೆ ಹುಲ್ಲು ಗಾಳಿಗೆ ಹಾರುವುದಿಲ್ಲ, ಈ ಕೊರತೆಯೂ ತುಸು ತುಂಬುತ್ತದೆ. ಮೇಲುಗೊಬ್ಬರ ಹಾಕುವಾಗ ಹುಲ್ಲಿನ ಮೇಲೆ ಎರಚಬೇಡಿ. ಹುಲ್ಲು ಸರಿಸಿ, ಮಣ್ಣಿಗೆ ಹಾಕಿ, ಮತ್ತೆ ಮುಚ್ಚಿ.

ಕೆಂಪು ಮಣ್ಣಿನ ಒಣ ಹೊಲದಲ್ಲಿ ಹುಲ್ಲಿನ ಕೆಳಗೆ ಗೆದ್ದಲು ಸೇರುತ್ತದೆ. ಮಲೆನಾಡಿನಲ್ಲಿ ಆಫ್ರಿಕನ್ ಬಸವನಹುಳು ಅಡಗುತ್ತದೆ. ಸಂಜೆ ಹೊತ್ತು ಅಲ್ಲಲ್ಲಿ ಹುಲ್ಲು ಎತ್ತಿ ನೋಡುವ ಅಭ್ಯಾಸ ಇರಲಿ.

6. ಇಪ್ಪತ್ತೈದನೇ ದಿನದಿಂದ ಎಪ್ಪತ್ತೈದರವರೆಗೆ

ವಾರಕ್ಕೊಂದು ಸಲ ಸುಮ್ನೆ ಮಡಿ ಸುತ್ತಿ ಬನ್ನಿ. ಹುಲ್ಲು ತೂರಿ ಬಂದ ಕೊನ್ನಾರಿ, ಗರಿಕೆ ಕಂಡಲ್ಲಿ ಕಿತ್ತುಬಿಡಿ. ಹೊದಿಕೆ ಕೆಳಗಿನ ಮಣ್ಣು ಮೆತ್ತಗಿರುವುದರಿಂದ ಗೆಡ್ಡೆ ಸಮೇತ ಬರುವುದು ಇಲ್ಲಿ ಜಾಸ್ತಿ. ಕನ್ನೆ ಸೊಪ್ಪು, ಗೋಣಿ ಸೊಪ್ಪು ಕಿತ್ತರೆ ಮಡಿಯ ಮೇಲೆ ಬಿಡಬೇಡಿ. ಒಂದು ಮಳೆ ಬಿದ್ದರೆ ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ಮತ್ತೆ ಎದ್ದು ಕೂರುತ್ತವೆ. ಬುಟ್ಟಿ ಹಿಡಿದುಕೊಂಡೇ ಹೋಗಿ.

ನಲವತ್ತು ನಲವತ್ತೈದು ದಿನಕ್ಕೆ ಮೇಲುಗೊಬ್ಬರ ಕೊಟ್ಟು, ಹೊದಿಕೆ ತೆಳುವಾದ ಕಡೆ ಮತ್ತೆ ಹಾಕಿ. ಪೂರ್ತಿ ಗುಂಟೆಗೆ 75 ಕೆಜಿ ಹೊಂದಿಸಲು ಆಗದಿದ್ದರೆ ಬೋಳಾದ ಜಾಗಕ್ಕಾದರೂ ಹಾಕಿ.

ಅರವತ್ತರಿಂದ ಎಪ್ಪತ್ತೈದು ದಿನದ ನಡುವೆ ಒಂದು ಒಳ್ಳೆಯ ಕೈಕಳೆ. ಇದನ್ನು ತಪ್ಪಿಸಬೇಡಿ. ಔಷಧಿಯ ಶಕ್ತಿ ಆ ಹೊತ್ತಿಗೆ ಮುಗಿದಿರುತ್ತದೆ, ಎಲೆ ಇನ್ನೂ ನೆಲ ಮುಚ್ಚಿರುವುದಿಲ್ಲ. ಈ ಸಂದಿನಲ್ಲಿ ಉಳಿದ ಕಳೆಯೇ ಬೀಜ ಕಟ್ಟುವುದು. ಹೊದಿಕೆ ಚೆನ್ನಾಗಿ ಬಿದ್ದ ಮಡಿಯಲ್ಲಿ ಇದು ಬಗ್ಗಿ ಕೂತು ಕೆರೆಯುವ ಕೆಲಸ ಅಲ್ಲ, ನಡೆಯುತ್ತಾ ಕೀಳುವ ಕೆಲಸ. ಇದರ ಹಿಂದೆಯೇ ಕಾಲುವೆಯ ಮಣ್ಣು ಎತ್ತಿ ಬುಡಕ್ಕೆ ಏರಿಸಿ. ಹಳೆಯ ಹೊದಿಕೆ ಮಣ್ಣಿನ ಕೆಳಗೆ ಸೇರಿ ಗೊಬ್ಬರವಾಗುತ್ತದೆ. ತೊಂಬತ್ತು ದಿನಕ್ಕೆ ಕೊನೆಯ ಹೊದಿಕೆ. ನೂರಿಪ್ಪತ್ತು ದಿನ ದಾಟಿದ ಮೇಲೆ ಹೂ ಬಿಟ್ಟ ಕಳೆಯನ್ನು ಮಾತ್ರ ಕಿತ್ತು ಹೊರಗೆ ಹಾಕಿದರೆ ಸಾಕು.

ಶುಂಠಿಗೆ ಏನು ಬೇರೆ?

ಕ್ರಮ ಇದೇ. ಆದರೆ ಶುಂಠಿಗೆ ನೀರು ನಿಂತರೆ ಕೊಳೆ ಖಂಡಿತ. ಮಡಿ ಒಂದಡಿ ಎತ್ತರ ಇರಲಿ, ಹೊದಿಕೆಯ ಹುಲ್ಲು ಜಾರಿ ಕಾಲುವೆ ಕಟ್ಟದಂತೆ ನೋಡಿಕೊಳ್ಳಿ. ಕೊಳೆ ಬಂದ ಗಿಡ ಕಂಡರೆ ಸುತ್ತಲಿನ ಹೊದಿಕೆಯನ್ನೂ ಜೊತೆಗೇ ತೆಗೆದು ಹೊಲದಿಂದಾಚೆ ಸಾಗಿಸಿ, ಬೇರೆ ಮಡಿಗೆ ಎಳೆಯಬೇಡಿ. ನೆಡುವ ಮೊದಲು ಸಮಯ ಇದ್ದರೆ ನೀರುಣಿಸಿದ ಮಡಿಗೆ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ ಅಂಚು ಮಣ್ಣಲ್ಲಿ ಮುಚ್ಚಿ, 40 ದಿನ ಬಿಸಿಲಿಗೆ ಬಿಡಿ. ರೋಗವೂ ಇಳಿಯುತ್ತದೆ, ಮೇಲಿನ ಕಳೆ ಬೀಜವೂ ಬೇಯುತ್ತದೆ.

ಬೆಳ್ಳಿ-ಕಪ್ಪು ಪ್ಲಾಸ್ಟಿಕ್ ಮಲ್ಚಿಂಗ್ ಹಾಳೆ ಬಗ್ಗೆ ನನಗೆ ಅಷ್ಟು ಮನಸ್ಸಿಲ್ಲ. ಕಳೆ ತಡೆಯುತ್ತದೆ, ನಿಜ. ಆದರೆ ಅರಿಶಿನ, ಶುಂಠಿ ಎರಡೂ ಪಕ್ಕಕ್ಕೆ ಮರಿ ಹಾಕುವ ಬೆಳೆ. ಮರಿ ತೂತು ಹುಡುಕಿ ಬರಬೇಕು, ಮಣ್ಣು ಏರಿಸಲು ಆಗುವುದಿಲ್ಲ, ಅಗೆಯುವಾಗ ಹಾಳೆ ಚೂರು ಚೂರಾಗಿ ಮಣ್ಣಲ್ಲೇ ಉಳಿಯುತ್ತದೆ.

ಮೆಣಸು, ಏಲಕ್ಕಿಯವರಿಗೆ ಎರಡು ಮಾತು

ಕಾಳುಮೆಣಸಿನ ಬುಡಕ್ಕೆ ಕಳೆ ಔಷಧಿಯೂ ಬೇಡ, ಗುದ್ದಲಿಯೂ ಬೇಡ. ಬೇರು ಮೇಲೆಯೇ ಇರುತ್ತದೆ. ಮಳೆಗಾಲದಲ್ಲಿ ಬೇರಿಗೆ ಗಾಯವಾದರೆ ಸೊರಗು ರೋಗಕ್ಕೆ ಬಾಗಿಲು ತೆಗೆದ ಹಾಗೆ. ಸಾಲಿನ ನಡುವಿನ ಕಳೆಯನ್ನು ಯಂತ್ರದಲ್ಲಿ ಸವರಿ, ಬೇರು ಮಣ್ಣು ಹಿಡಿದುಕೊಂಡಿರಲಿ. ಬುಡದ ಸುತ್ತ ಕೈಯಲ್ಲಿ ಕಿತ್ತು, ಮಳೆ ಮುಗಿದ ಮೇಲೆ ದರಗು, ಅಂದರೆ ಉದುರಿದ ಒಣ ಎಲೆ ಹಾಕಿ. ಬಳ್ಳಿಗೆ ತಾಗಿಸಬೇಡಿ, ಒಂದು ಗೇಣು ಬಿಡಿ.

ಏಲಕ್ಕಿಗೆ ದರಗಿನ ಹೊದಿಕೆ ಬೇಕೇ ಬೇಕು. ಆದರೆ ಅದರ ಹೂಗೊಂಚಲು ನೆಲದ ಮೇಲೇ ಹರಡುವುದರಿಂದ ಮೇ ತಿಂಗಳಲ್ಲಿ ಮಳೆ ಶುರುವಾದ ಕೂಡಲೇ ಬುಡದ ದರಗು ಸರಿಸಬೇಕು, ಇಲ್ಲದಿದ್ದರೆ ಜೇನುಹುಳ ಹೂವಿನ ಹತ್ತಿರ ಬರಲು ಆಗುವುದಿಲ್ಲ. ಜೇನು ಓಡಾಡುವ ಆ ದಿನಗಳಲ್ಲಿ ತೋಟದಲ್ಲಿ ಯಾವ ಸ್ಪ್ರೇಯೂ ಬೇಡ.

ಮೊದಲ ವರ್ಷ ನಾಲ್ಕು ಗುಂಟೆಯಲ್ಲಿ ನೋಡಿ

ನನ್ನ ಮಾತು ನಂಬಿ ಪೂರ್ತಿ ಹೊಲಕ್ಕೆ ಮಾಡಿ ಅಂತ ಹೇಳುವುದಿಲ್ಲ. ಒಂದೇ ಹೊಲದಲ್ಲಿ ಒಂದೊಂದು ಗುಂಟೆ ಗುರುತು ಮಾಡಿ. ಒಂದಕ್ಕೆ ಬರೀ ಕೈಕಳೆ, ಒಂದಕ್ಕೆ ಬರೀ ಔಷಧಿ, ಒಂದಕ್ಕೆ ಬರೀ ಹೊದಿಕೆ, ಒಂದಕ್ಕೆ ಔಷಧಿ, ಹೊದಿಕೆ ಎರಡೂ. ಗೂಟಕ್ಕೆ ಬಣ್ಣ ಬಳಿಯಿರಿ. ಪ್ರತಿ ಸಲ ಕಳೆ ಕಿತ್ತಾಗ ಎಷ್ಟು ಆಳು, ಎಷ್ಟು ಹೊತ್ತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹುಲ್ಲಿನ ದುಡ್ಡು, ಸಾಗಿಸಿದ ಬಾಡಿಗೆ, ಔಷಧಿಯ ದುಡ್ಡು ಎಲ್ಲ ಸೇರಿಸಿ. ಜನವರಿಯಿಂದ ಮಾರ್ಚ್‌ವರೆಗೆ ಅಗೆಯುವಾಗ ನಾಲ್ಕು ಗುಂಟೆಯ ಹಸಿ ಅರಿಶಿನವನ್ನು ಬೇರೆ ಬೇರೆ ತೂಗಿ. ಅಗೆಯುವ ದಿನವೇ ಇನ್ನೊಂದು ಕೆಲಸ ಇದೆ. ಎಲ್ಲೆಲ್ಲಿ ಕೊನ್ನಾರಿ ಗೆಡ್ಡೆ ಗುದ್ದಲಿಗೆ ಸಿಕ್ಕಿತು, ಅಲ್ಲೆಲ್ಲ ಒಂದು ಕಡ್ಡಿ ನೆಟ್ಟು ಬನ್ನಿ. ಏಪ್ರಿಲ್‌ನಲ್ಲಿ ಮೊದಲ ಉಳುಮೆ ಅಲ್ಲಿಂದಲೇ ಶುರು ಮಾಡಬೇಕು.